ಖಂಡೇನವಮಿಯ ಅಡಕೊತ್ತು

ಡ್ರೈವರ್ ಬಾಳಪ್ಪನ ಅಂದಿನ ಸಂಕಟಕ್ಕೆಲ್ಲ ಮೂಲ ಶಿವಬಸವ್ವನವರ ಧಾರಾಳ ಭಕ್ತಿ. ಖಂಡೇನವಮಿಯ ಬೆಳಿಗ್ಗೆ ಬೆಳಗಾವಿಯ ಮನೆಯ ಮುಂದೆ ಅವರು ಗಂಡ ಗುರುಪುತ್ರಪ್ಪ ಸಾಹುಕಾರರ ಮೋಟಾರಿಗೆ ಮೂತಿಯಿಂದ ಹಿಂದಿನ ಸೀಟಿನಡಿಯ ಬ್ಯಾಟರಿಯವರೆಗೆ ವಿಭೂತಿ, ಕುಂಕುಮ ಬಳಿದು, ಐದು ತೆಂಗಿನಕಾಯಿ ಒಡೆದು, ನೀರನ್ನೆಲ್ಲ ಅದರ ಮೇಲೇ ಸುರಿದರು. ಒಳಗೆ ಅದೇ ಬ್ಯಾಟರಿಗೆ ಜೋಡಿಸಿ, ಧೂಳಿಗೆ ಹೆದರಿ ಕೌದಿ ಹೊದಿಸಿದ್ದ ರೇಡಿಯೋ ಪೆಟ್ಟಿಗೆಯೊಂದೇ ಪಾರಾಯಿತು.

ಅದು ೧೯೨೮ನೆಯ ಇಸವಿ. ಮುಂಬಯಿಯ ಹಾಡು ಗಾಳಿಯಲ್ಲಿ ಬರುತ್ತದೆಂದರೆ ಜನ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಗುರುಪುತ್ರಪ್ಪ ಸಾಹುಕಾರರ ಬೀಗರಾದ ಖಾನಾಪುರದ ಸಿದರಾಯರು. ಪೂಜೆಯಾದ ಮೋಟಾರನ್ನು ಒಂದು ಸುತ್ತು ಓಡಿಸುವುದು ಪದ್ಧತಿ. ಸಾಹುಕಾರರು ಹೆಂಡತಿಯನ್ನೂ ಕೂರಿಸಿಕೊಂಡು ಆ ಸುತ್ತನ್ನು ಖಾನಾಪುರದವರೆಗೆ ಎಳೆದರು.

"ಬೀಗರು ಆರಕ್ಕ ಪ್ಯಾಟಿಯಿಂದ ಮನಿಗೆ ಬರ್ತಾರ. ಅವರ ಮುಂದ ಪೆಟ್ಟಿಗಿ ಹಾಡ್ಲಿಲ್ಲಂದ್ರ, ಬಾಳಪ್ಪಾ, ನೀ ಈ ಮೋಟಾರ ಮುಟ್ಟಾಂಗಿಲ್ಲ," ಎಂದು ದಾರಿಯಲ್ಲೇ ಹೇಳಿಬಿಟ್ಟಿದ್ದರು.

ನಾಲ್ಕು ಗಂಟೆಗೆ ಸಿದರಾಯರ ಅಂಗಳದಲ್ಲಿ ಬಾಳಪ್ಪ ಗಾಳಿಯ ಹಾಡು ಹಿಡಿಯುವ ತಂತಿಯನ್ನು ಬೇವಿನ ಮರಕ್ಕೆಸೆದು ಗುಂಡಿ ತಿರುಗಿಸಿದ. ಪೆಟ್ಟಿಗೆ ಕೆಮ್ಮಲೂ ಇಲ್ಲ.

ನೆರೆಮನೆಯ ಮಾರ್ತಾಂಡರಾಯರು ಕರೆಯದೆಯೇ ಬಂದರು. ಅವರಿಗೆ ತಿಳಿಯದ ವಿದ್ಯೆ ಆ ಓಣಿಯಲ್ಲಿ ಯಾವುದೂ ಇರಲಿಲ್ಲ.

"ಖರೇ ಹೇಳ್ತೀನಿ, ಮುಂಬಯಿ ಆ ಕಡೆ ಅದ, ಮೋಟಾರಿನ ಮಾರಿ ಈ ಕಡೆ ಅದ. ಹಾಡು ಹೆಂಗ ಒಳಗ ಹೊಗಬೇಕು?"

ನಾಲ್ವರು ಸೇರಿ ಮೋಟಾರನ್ನು ತಿರುಗಿಸಿ ನಿಲ್ಲಿಸಿದರು. ಪ್ರಯೋಜನವಾಗಲಿಲ್ಲ. ತಂತಿ ಇನ್ನೂ ಮೇಲೆ ಹೋಗಬೇಕೆಂದು ಮಾರ್ತಾಂಡರಾಯರು ತಾವೇ ಧೋತರ ಕಟ್ಟಿ ಮರವೇರಿದರು. ಏರಿದವರಿಗೆ ಇಳಿಯಲು ಬರಲಿಲ್ಲ. ಅವರನ್ನು ಇಳಿಸುವಷ್ಟರಲ್ಲಿ ಐದು ಹೊಡೆಯಿತು.

ಬಾಳಪ್ಪ ಹಿಂದಿನ ಸೀಟು ಎತ್ತಿ ನೋಡಿದ. ವಿಭೂತಿ, ಕುಂಕುಮ, ಕಾಯಿನೀರು ಕಲಸಿ, ಬ್ಯಾಟರಿಯ ಕೊಂಡಿಗೂ ಪೆಟ್ಟಿಗೆಯಿಂದ ಬಂದ ತಂತಿಗೂ ನಡುವೆ ಗಾರೆಯಂತೆ ಕೂತಿದೆ! ನಟ್ಟು ಬಿಚ್ಚಿ ಕೆರೆದರೆ ಮುಗಿಯಿತು. ಆದರೆ ಅವನ ಇಕ್ಕಳ, ಪಾನಾಗಳೆಲ್ಲ ಬೆಳಗಾವಿಯಲ್ಲಿ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಲಗಿದ್ದವು. ಕಮ್ಮಾರನ ಮನೆಗೆ ಓಡಿದ.

"ಪೂಜಾ ಆಗೈತೋ. ನಾಳಿ ಬನ್ನಿ ಕೊಡೂತನಕಾ ಇಕ್ಕಳ ಮುಟ್ಟಾಂಗಿಲ್ಲ," ಎಂದ ಕಮ್ಮಾರ.

ಬಡಿಗ, ಅಕ್ಕಸಾಲಿ, ಕಡೆಗೆ ಕ್ಷೌರಿಕ ಕೂಡ ಕೈಮುಗಿದರು. ಇಡೀ ಖಾನಾಪುರದ ಕಬ್ಬಿಣಕ್ಕೆ ಅಂದು ರಜೆ.

ಆರಕ್ಕೆ ಕಾಲುಗಂಟೆಯಿದೆ. ಕೆಲಸ ಹೋಯಿತೆಂದು ಬಾಳಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಆಗ ಪಕ್ಕದಲ್ಲೇ 'ಕಟಕ್' ಎಂದಿತು. ಸಿದರಾಯರ ತಾಯಿ ನಿಂಗವ್ವ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದಳು.

"ಅವ್ವಾ, ಇದಕ್ಕ ಪೂಜಾ ಆಗಿಲ್ಲೇನ್ರಿ?"

"ದೇವರು ಒಂದ ದಿನಾ ತಡ್ಕೋತಾನ. ನನ್ನ ಬಾಯಿ ತಡ್ಯೂದಿಲ್ಲೋ ತಮ್ಮಾ."

ಬಾಳಪ್ಪ ಮುದುಕಿಯ ಕಾಲಿಗೆ ಬಿದ್ದು ಅಡಕೊತ್ತು ಕಸಿದುಕೊಂಡೇ ಓಡಿದ. ಅದರಲ್ಲೇ ನಟ್ಟು ಹಿಡಿದು ತಿರುಗಿಸಿದ, ಕೊಂಡಿ ಹೊಳೆಯುವವರೆಗೆ ಕೆರೆದ, ಮತ್ತೆ ಬಿಗಿದು ಗುಂಡಿ ತಿರುವಿದ. ಪೆಟ್ಟಿಗೆ ಚಟಪಟಿಸಿತು. ಮರುಕ್ಷಣ ಮುಂಬಯಿಯ ಯಾವಳೋ ಪುಣ್ಯಾತ್ಗಿತ್ತಿ ಅಂಗಳದ ತುಂಬ ಹಾಡತೊಡಗಿದಳು! ಬಾಳಪ್ಪನ ಕಣ್ಣು ತುಂಬಿತು. ಹೋದ ಜೀವ ಬಂದಂತಾಯಿತು.

"ಭಲೇ! ನಿನ್ನ ಜಾಗಾ ನಿಂದ," ಎಂದು ಸಾಹುಕಾರರು ಬೆನ್ನು ತಟ್ಟಿದರು.

"ಅಯ್ಯ ಶಿವನ, ಇಂಥಾ ಪೆಟ್ಟಿಗಿಗೆ ಪೂಜಾನ ಮಾಡಿಲ್ಲಲ್ಲ!" ಎಂದರು ಶಿವಬಸವ್ವ.

ಬಾಳಪ್ಪ 'ಬ್ಯಾಡ್ರೀ' ಎನ್ನುವುದರೊಳಗೆ ಕಾಯಿ ಒಡೆದಾಗಿತ್ತು. ನೀರು ಪೆಟ್ಟಿಗೆಯ ತೂತುಗಳೊಳಗೆ ಇಳಿಯಿತು. ಹಾಡುವವಳು ಒಮ್ಮೆ ಗೊರಗೊರ ಎಂದು ಸುಮ್ಮನಾದಳು. ಶಿವಬಸವ್ವ ಪೆಟ್ಟಿಗೆಗೂ ಮಾನ ಉಳಿಸಿದ ಅಡಕೊತ್ತಿಗೂ ಭಕ್ತಿಯಿಂದ ಕುಂಕುಮವಿಟ್ಟರು.

ಅಷ್ಟರಲ್ಲಿ ಸಿದರಾಯರು ಒಳಬಂದರು. ಬಾಳಪ್ಪ ಕಣ್ಣು ಮುಚ್ಚಿಕೊಂಡ.

ಸಿದರಾಯರು ಪೆಟ್ಟಿಗೆಯನ್ನು ನೋಡಿದರು, ಚಪ್ಪಲಿ ಬಿಟ್ಟರು, ಕೈಮುಗಿದರು. "ಪೂಜಾ ಆದದ್ದನ್ನ ಇವತ್ತ ಮುಟ್ಟಬಾರ್ದು ಬೀಗರ. ನಾಳಿ ಕೇಳೂಣು. ಊರ ಮಂದೀನೂ ಕರೀತೀನಿ."

ತಲೆಯ ಮೇಲಿನ ಮೂಟೆ ಇಳಿಸಿದಂತೆ ಬಾಳಪ್ಪ ಉಸಿರು ಬಿಟ್ಟ. ಕುಂಕುಮ ಕೆಡಿಸಿದ್ದನ್ನು ಕುಂಕುಮವೇ ಕಾಪಾಡಿತ್ತು.

ಸಾಹುಕಾರರು ಅವನ ಕಿವಿಗೆ ಬಗ್ಗಿದರು. "ನಾಳಿ ಆರಕ್ಕ. ಹಾಡ್ಲಿಲ್ಲಂದ್ರ ಗೊತ್ತೈತಲ್ಲ?"

ಇರಲಿ, ಒಂದು ದಿನವಾದರೂ ಸಿಕ್ಕಿತು ಎಂದು ಬಾಳಪ್ಪ ಕಟ್ಟೆಯ ಮೇಲೆ ಕಾಲು ಚಾಚಿದ. ನಿಂಗವ್ವ ಅವನ ಮುಂದೆ ಒಂದು ಬೊಗಸೆ ಅಡಿಕೆ ಸುರಿದು, ಪಕ್ಕದಲ್ಲೊಂದು ಗುಂಡುಕಲ್ಲು ಇಟ್ಟಳು.

"ನನ್ನ ಅಡಕೊತ್ತಿಗೂ ಕುಂಕುಮಾ ಹಚ್ಚಿಸಿದೆಲ್ಲೋ. ಈ ಕಲ್ಲಿಗೆ ಇನ್ನೂ ಪೂಜಾ ಆಗಿಲ್ಲ. ಲಗೂ ಕುಟ್ಟು, ಬಾಯಿ ತಡ್ಯೂದಿಲ್ಲ."