ಎಮ್ಮೆ ನೆಕ್ಕಿದ ಪೆನಾಲ್ಟಿ ಬಾಕ್ಸ್

ಗೆರೆ ಎಳೆಯಲು ಬಾರದ ಮನುಷ್ಯ ಭೂಮಿಯ ಮೇಲೆ ಇರಲಿಕ್ಕಿಲ್ಲ ಎಂದು ಹೋದ ವರ್ಷದವರೆಗೂ ನಾನು ನಂಬಿದ್ದೆ. ಹಾಗಾಗಿ, ಲಂಗರು ಫುಟ್‌ಬಾಲ್ ಕ್ಲಬ್ಬಿನ ಮಹಿಳಾ ತಂಡ ನಮ್ಮೂರು ಪಾಳಾದ ಮೈದಾನಕ್ಕೆ ಅಭ್ಯಾಸ ಪಂದ್ಯ ಆಡಲು ಬರುವುದು ಖಾತ್ರಿಯಾಗಿ, ಸುಣ್ಣದ ಗೆರೆ ಹಾಕುವವರು ಯಾರು ಎಂದು ಊರ ಸಭೆಯಲ್ಲಿ ಪಿ.ಟಿ. ಮಾಸ್ತರರು ಕೇಳಿ ಬಾಯಿ ಮುಚ್ಚುವುದರೊಳಗೆ ನನ್ನ ಕೈ ಮೇಲಿತ್ತು.

"ಈರಣ್ಣಾರ, ನಿಮ್ಮದು ಹಿಟ್ಟಿನ ಗಿರಣಿ. ಇದು ಮೈದಾನ. ಹೆಚ್ಚುಕಮ್ಮಿ ಆದ್ರ ಊರ ಮರ್ಯಾದಿ ಹೋಗ್ತೈತ್ರಿ," ಎಂದರು ಮಾಸ್ತರರು.

"ಇಪ್ಪತ್ತು ವರ್ಷ ತಕ್ಕಡಿ ಹಿಡದೇನ್ರಿ ಮಾಸ್ತರ. ಅಳತಿ ನನಗ ಹೇಳಿಕೊಡಬ್ಯಾಡ್ರಿ," ಎಂದೆ. ಸಭೆ ಒಪ್ಪಿತು. ಬೇರೆ ಯಾರೂ ಕೈ ಎತ್ತಿರಲಿಲ್ಲ ಎಂಬುದು ಸಣ್ಣ ವಿಷಯ.

ಲಂಗರು ಕ್ಲಬ್ ಎಂದರೆ ಸಾಮಾನ್ಯವಲ್ಲ. ಬಹಳ ಹಿಂದೆ ಕರಾವಳಿಯಲ್ಲಿ ನೌಕಾಪಡೆಯ ನಾವಿಕರು, ಹಡಗು ದಡದಲ್ಲಿ ನಿಂತಾಗ ಹೊತ್ತು ಹೋಗದೆ ಕಟ್ಟಿಕೊಂಡ ತಂಡವಂತೆ. ಈಗ ಸಂಬಳ ಕೊಟ್ಟು ಆಡಿಸುವ ದೊಡ್ಡ ಕ್ಲಬ್ಬಾಗಿದೆ. ಆದರೂ ಹಡಗಿನ ರೂಢಿ ಬಿಟ್ಟಿಲ್ಲ. ಮೈದಾನಕ್ಕೆ ಅವರು ಡೆಕ್ ಎನ್ನುತ್ತಾರೆ. ಒಳಗೆ ಕಾಲಿಡುವ ಮುಂಚೆ ಸೆಲ್ಯೂಟ್ ಹೊಡೆಯುತ್ತಾರೆ. ಆಟ ಶುರುವಾಗಲಿಕ್ಕೂ ಅರ್ಧಕ್ಕೆ ನಿಲ್ಲಲಿಕ್ಕೂ ಹಡಗಿನ ಹಿತ್ತಾಳೆ ಗಂಟೆ ಬಾರಿಸುತ್ತಾರೆ. ತರಬೇತಿ ಕೊಡುವವರು ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಹೆಣ್ಣುಮಗಳು. ಅವರನ್ನು ಎಲ್ಲರೂ ಕಮಾಂಡರ್ ಮೇಡಂ ಎಂದೇ ಕರೆಯುವುದು.

ಆ ಮೇಡಂ ಬರುತ್ತಿದ್ದುದು ಗೋಲ್ ಕಾಯುವ ಹುಡುಗಿಯೊಬ್ಬಳನ್ನು ಹುಡುಕಿಕೊಂಡು. ನಮ್ಮ ಮುಂಡಗೋಡ ತಾಲ್ಲೂಕಿನ ಹುಡುಗಿಯರ ತಂಡದಲ್ಲಿ ಗೋಲ್ ಕಾಯುವವಳು ನನ್ನ ಮಗಳು ಸವಿತಾ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ಗಿರಣಿಯ ಗೋಡೆಗೆ ಚೆಂಡು ಒಗೆದು, ಅದು ತಿರುಗಿ ಬಂದಾಗ ಹಾರಿ ಹಿಡಿದು, ಮೊಣಕಾಲು ಮೊಣಕೈ ತರಚಿಕೊಂಡು ಬೆಳೆದ ಹುಡುಗಿ. ಈ ಒಂದು ಪಂದ್ಯದಲ್ಲಿ ಮೇಡಂ ಕಣ್ಣಿಗೆ ಬಿದ್ದರೆ ಕ್ಲಬ್ಬಿಗೆ ಸೇರಬಹುದು. ಇಲ್ಲದಿದ್ದರೆ ಮತ್ತೆ ಗಿರಣಿಯ ಗೋಡೆಯೇ ಗತಿ. ಮಗಳಿಗಾಗಿ ನಾನು ಮಾಡಬಲ್ಲ ಸೇವೆ ಇದೊಂದೇ ಎಂದು ಎದೆ ಉಬ್ಬಿಸಿ ಶನಿವಾರ ಮಧ್ಯಾಹ್ನ ಮುಂಡಗೋಡಕ್ಕೆ ಹೋಗಿ, ಒಂದು ಚೀಲ ಸುಣ್ಣದ ಪುಡಿ ಬೈಕಿಗೆ ಬಿಗಿದುಕೊಂಡು ಹೊರಟೆ.

ದಾರಿಯಲ್ಲಿ ಜನರೆಲ್ಲ ಕೈ ಬೀಸಿದರು. ಮಗಳ ಕೀರ್ತಿ ಇಷ್ಟು ಬೇಗ ಹಬ್ಬಿತಲ್ಲ ಎಂದು ನಾನೂ ಕೈ ಬೀಸಿದೆ. ಮನೆಯ ಮುಂದೆ ಇಳಿದು ನೋಡಿದರೆ ಚೀಲ ಚಪ್ಪಟೆಯಾಗಿ ಮಲಗಿತ್ತು. ತಳದಲ್ಲಿ ತೂತು. ಹಿಂದೆ ತಿರುಗಿದರೆ, ಮುಂಡಗೋಡದ ಕಡೆಯಿಂದ ನನ್ನ ಮನೆ ಬಾಗಿಲವರೆಗೆ ಒಂದು ಬೆಳ್ಳನೆಯ ಗೆರೆ. ಜೀವನದಲ್ಲಿ ನಾನು ಎಳೆದ ಅತ್ಯಂತ ಉದ್ದದ ಗೆರೆ ಅದು. ಎಲ್ಲಿಯೂ ಸೊಟ್ಟ ಇರಲಿಲ್ಲ.

ಮರುದಿನ ಭಾನುವಾರ, ಸುಣ್ಣದ ಅಂಗಡಿ ಬಂದ್. ಪಂದ್ಯ ನಾಲ್ಕು ಗಂಟೆಗೆ. ಗಿರಣಿಯಲ್ಲಿ ಸುಮ್ಮನೆ ಕುಳಿತು ತಲೆ ಕೆರೆದುಕೊಳ್ಳುವಾಗ ಮೂಲೆಯಲ್ಲಿದ್ದ ನಾಲ್ಕು ಚೀಲ ಹಿಟ್ಟು ಕಣ್ಣಿಗೆ ಬಿತ್ತು. ನುಚ್ಚಕ್ಕಿ ಬೀಸಿ, ಉಪ್ಪು ಬೆರೆಸಿ ಇಟ್ಟದ್ದು. ಹಾಲಿನಷ್ಟು ಬೆಳ್ಳಗಿತ್ತು.

"ಏನ್ರೀ, ಅದು ಎಮ್ಮಿ ಹಿಟ್ಟು," ಎಂದಳು ನನ್ನ ಹೆಂಡತಿ ಶಾಂತಾ.

"ಗೊತ್ತೈತಿ. ಬೆಳ್ಳಗ ಐತೋ ಇಲ್ಲೋ ಅಷ್ಟ ಹೇಳು."

"ಬೆಳ್ಳಗೇನೋ ಐತಿ. ಆದ್ರ ಊರಾಗಿನ ಎಮ್ಮಿಗೋಳು ಬಿಟ್ಟಾವೇನ್ರಿ?"

"ಎಮ್ಮಿ ಫುಟ್‌ಬಾಲ್ ನೋಡಾಕ ಬರೂದಿಲ್ಲ," ಎಂದು ನಾನು ನ್ಯಾಯಾಧೀಶರ ಧಾಟಿಯಲ್ಲಿ ತೀರ್ಪು ಕೊಟ್ಟೆ.

ಮಾಸ್ತರರು ಗಂಟು ಹಾಕಿದ ಅಳತೆಯ ಹಗ್ಗ ಕೊಟ್ಟಿದ್ದರಿಂದ ಕೆಲಸ ಸಲೀಸಾಯಿತು. ಮಧ್ಯಾಹ್ನದ ಹೊತ್ತಿಗೆ ಮೈದಾನ ಮದುವೆ ಮನೆಯ ಅಂಗಳದ ಹಾಗೆ ಕಾಣುತ್ತಿತ್ತು. ಸುಣ್ಣವಲ್ಲ, ಹಿಟ್ಟು ಎಂಬ ಮಾತನ್ನು ಮಾಸ್ತರರಿಗೆ ಹೇಳಲು ನಾನು ಮರೆತೆ. ಬೇಕೆಂದೇ ಮರೆತೆ.

ಕ್ಲಬ್ಬಿನ ಬಸ್ ಸರಿಯಾದ ಹೊತ್ತಿಗೆ ಬಂತು. ಆಟಗಾರ್ತಿಯರು ಗೆರೆಯ ಹೊರಗೆ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದು ಒಳಗೆ ಬಂದರು. ಕಮಾಂಡರ್ ಮೇಡಂ ಗೆರೆಗಳ ಉದ್ದಕ್ಕೂ ನಡೆದು, "ಇಷ್ಟು ಬೆಳ್ಳಗಿನ ಗೆರೆ ನಮ್ಮ ಮೈದಾನದಲ್ಲೂ ಇಲ್ಲ. ಯಾವ ಸುಣ್ಣ?" ಎಂದು ಕೇಳಿದರು.

"ಲೋಕಲ್ ಐತ್ರಿ ಮೇಡಂ," ಎಂದೆ.

ಗಂಟೆ ಬಾರಿಸಿತು. ಆಟ ಶುರುವಾಯಿತು. ನಮ್ಮ ಹುಡುಗಿಯರು ಅಂಜಲಿಲ್ಲ. ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಬಂದ ಇಬ್ಬರು ಮುಂದೆ ಓಡಿ ಓಡಿ ಕ್ಲಬ್ಬಿನವರಿಗೆ ಬೆವರಿಳಿಸಿದರು. ಇತ್ತ ಸವಿತಾ ಮೂರು ಚೆಂಡು ಹಿಡಿದಳು. ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಶಾಂತಾ ನನ್ನ ತೋಳು ಹಿಸುಕಿದಳು. ಅರ್ಧ ಆಟ ಮುಗಿದಾಗ ಎರಡೂ ಕಡೆ ಗೋಲಿಲ್ಲ. ಢಣ್ ಢಣ್ ಎಂದು ಮತ್ತೆ ಹಿತ್ತಾಳೆ ಗಂಟೆ ಬಾರಿಸಿತು. ಎಲ್ಲರೂ ಚಹಾ ಕುಡಿಯಲು ಶಾಲೆಯ ವರಾಂಡಕ್ಕೆ ಹೋದೆವು.

ಈಗ ನಮ್ಮ ಓಣಿಯ ಒಂದು ಪದ್ಧತಿ ಹೇಳಬೇಕು. ಸಂಜೆ ಮೇಯ್ದು ಬರುವ ಎಮ್ಮೆಗಳಿಗೆ ಹಿಟ್ಟು ಇಡುವಾಗ ಹೆಂಗಸರು ಹಿತ್ತಾಳೆ ಬೋಗುಣಿ ಬಡಿಯುತ್ತಾರೆ. ಸದ್ದು ಕೇಳಿದರೆ ಸಾಕು, ಎಮ್ಮೆಗಳು ಎಲ್ಲಿದ್ದರೂ ಮನೆ ಕಡೆ ತಿರುಗುತ್ತವೆ. ಆ ದಿನ ಹಿಂಡು ಮೈದಾನದ ಪಕ್ಕದ ಗಾಡಿ ದಾರಿಯಲ್ಲಿ ಬರುವುದಕ್ಕೂ ಹಡಗಿನ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಹಿತ್ತಾಳೆ ಸದ್ದು ಆಯಿತು. ಹಿಟ್ಟಿನ ವಾಸನೆ ಬಂತು. ಎಮ್ಮೆಗಳ ತಪ್ಪೇನಿದೆ?

ನಾವು ಚಹಾ ಮುಗಿಸಿ ಬಂದಾಗ ಹನ್ನೊಂದು ಎಮ್ಮೆಗಳು ಒಂದು ಕಡೆಯ ಗೋಲ್ ಮುಂದಿನ ಪೆನಾಲ್ಟಿ ಬಾಕ್ಸಿನ ಗೆರೆಯನ್ನು ಪೂರ್ತಿ ತಿಂದು ಮುಗಿಸಿದ್ದವು. ಎಣಿಸಿದೆ, ಸರಿಯಾಗಿ ಒಂದು ತಂಡ. ಹೊಡೆದು ಓಡಿಸಿದೆವು; ಅವು ತಿಂದದ್ದೇನು ಎಂಬುದು ನನಗೂ ಶಾಂತಾಳಿಗೂ ಮಾತ್ರ ಗೊತ್ತು. ಎರಡನೇ ಅರ್ಧದಲ್ಲಿ ಆ ಕಡೆಯ ಗೋಲ್ ಸವಿತಾಳದು.

"ಈರಣ್ಣಾರ, ಗೆರಿ ಎಲ್ಲಿ?" ಎಂದು ಕಣ್ಣು ಕಿರಿದು ಮಾಡಿದರು ರೆಫರಿಯೂ ಆಗಿದ್ದ ಮಾಸ್ತರರು.

"ಐತ್ರಿ. ಇಳಿಬಿಸಲಿಗೆ ಕಾಣವಲ್ದು," ಎಂದೆ. ಚೆಂಡು ಆ ಕಡೆ ಬರದಿದ್ದರಾಯಿತು ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಚೆಂಡು ಆ ಕಡೆಯೇ ಬಂತು. ಕ್ಲಬ್ಬಿನ ಮುಂಚೂಣಿ ಆಟಗಾರ್ತಿ ಒಬ್ಬಳೇ ನುಗ್ಗಿದಳು. ಸವಿತಾ ಗೋಲ್ ಬಿಟ್ಟು ಮುಂದೆ ಓಡಿ, ಮೊಣಕಾಲ ಮೇಲೆ ಜಾರಿ, ಅವಳ ಕಾಲಿನಿಂದಲೇ ಎರಡೂ ಕೈಯಲ್ಲಿ ಚೆಂಡು ಕಿತ್ತುಕೊಂಡಳು. ಜನ ಚಪ್ಪಾಳೆ ಹೊಡೆದರು. ಆ ಆಟಗಾರ್ತಿ ಮಾತ್ರ ಕೈ ಎತ್ತಿ, ಬಾಕ್ಸಿನ ಹೊರಗೆ ಹಿಡಿದಳು ಎಂದಳು. ಗೋಲ್ ಕಾಯುವವಳು ಬಾಕ್ಸಿನ ಹೊರಗೆ ಕೈಯಲ್ಲಿ ಹಿಡಿದು ಗೋಲ್ ತಪ್ಪಿಸಿದರೆ ಕೆಂಪು ಕಾರ್ಡು. ಕೆಂಪು ಕಾರ್ಡು ಬಿದ್ದರೆ ಸವಿತಾಳ ಆಟ ಅಲ್ಲಿಗೇ ಮುಗಿಯಿತು. ಮಾಸ್ತರರು ನೆಲ ನೋಡಿದರು. ಕೈ ಜೇಬಿಗೆ ಹೋಯಿತು.

ಕಮಾಂಡರ್ ಮೇಡಂ ಒಳಗೆ ಬಂದರು. "ಗೆರೆ ಹಾಕಿದವರು ಯಾರು?"

ಸವಿತಾ ಚೆಂಡು ಅಪ್ಪಿಕೊಂಡು ಇನ್ನೂ ಮೊಣಕಾಲ ಮೇಲೇ ಇದ್ದಳು. ನನ್ನನ್ನು ನೋಡಿದಳು.

"ನಾನ್ರಿ," ಎಂದು ಮುಂದೆ ಹೋದೆ. "ಅದು ಸುಣ್ಣ ಅಲ್ರಿ ಮೇಡಂ. ಎಮ್ಮಿ ಹಿಟ್ಟು. ನೀವು ಚಹಾ ಕುಡಿಯೂವಾಗ ಅವು ತಿಂದು ಹೋಗ್ಯಾವ್ರಿ. ಶಿಕ್ಷಾ ಏನಿದ್ರೂ ನನಗ ಕೊಡ್ರಿ. ಹುಡುಗಿದು ತಪ್ಪಿಲ್ಲ."

ಆಗ ಶಾಂತಾ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನೆಟ್ಟಗೆ ಒಳಗೆ ಬಂದಳು. ಸೆಲ್ಯೂಟ್ ಗಿಲ್ಯೂಟ್ ಏನೂ ಇಲ್ಲ.

"ಎಮ್ಮಿ ಹಿಟ್ಟು ಇದ್ದಲ್ಲಿ ಅಷ್ಟ ನೆಕ್ತಾವ್ರಿ. ಬಾಜೂಕ ನಾಲಗಿ ಹಚ್ಚೂದಿಲ್ಲ. ಕೆಳಗ ಬಗ್ಗಿ ನೋಡ್ರಿ, ಹಸಿ ಇದ್ದದ್ದ ಗೆರಿ," ಎಂದಳು.

ಮಾಸ್ತರರು ಬಗ್ಗಿದರು. ಮೇಡಂ ಬಗ್ಗಿದರು. ಎರಡೂ ತಂಡಗಳು ಬಗ್ಗಿದವು. ಹುಲ್ಲಿನ ಮೇಲೆ ಅಂಗೈ ಅಗಲದ ಒದ್ದೆ ಪಟ್ಟಿ, ಈ ತುದಿಯಿಂದ ಆ ತುದಿವರೆಗೆ, ಫಳಫಳ ಹೊಳೆಯುತ್ತಿತ್ತು. ನಾನು ಅಲ್ಲಲ್ಲಿ ಡೊಂಕು ಮಾಡಿದ್ದನ್ನೂ ಎಮ್ಮೆಗಳು ಡೊಂಕಾಗಿಯೇ ನೆಕ್ಕಿದ್ದವು. ಸವಿತಾಳ ಮೊಣಕಾಲು ಜಾರಿದ ಗುರುತು ಪಟ್ಟಿಯಿಂದ ಒಂದು ಗೇಣಿನಷ್ಟು ಒಳಗೆ, ಗೋಲಿನ ಕಡೆಗಿತ್ತು. ಚೆಂಡು ಇನ್ನೂ ಒಳಗೆ. ಮಾಸ್ತರರು ಜೇಬಿನಿಂದ ಬರಿಗೈ ತೆಗೆದು, ಆಟ ಮುಂದುವರಿಯಲಿ ಎಂದು ಸನ್ನೆ ಮಾಡಿದರು.

ಎದೆಯ ಮೇಲಿಂದ ಯಾರೋ ಜೋಳದ ಚೀಲ ಇಳಿಸಿದಂತಾಯಿತು. ಗೆರೆ ದಾಟಿ ಬಂದವನು ಅಲ್ಲೇ ಕುಸಿದು ಕುಳಿತೆ. ಎಮ್ಮೆಗಳು ಬರೀ ತಿಂದು ಹೋಗಿರಲಿಲ್ಲ ಎಂಬುದು ಕುಳಿತ ಮೇಲೆ ಗೊತ್ತಾಯಿತು. ಆದರೂ ಏಳಲಿಲ್ಲ. ಅಷ್ಟು ಸಮಾಧಾನವಾಗಿತ್ತು.

ಪಂದ್ಯದಲ್ಲಿ ಗೋಲೇ ಆಗಲಿಲ್ಲ. ಕೊನೆಗೆ ಮೇಡಂ ಸವಿತಾಳ ಬೆನ್ನು ತಟ್ಟಿ, "ಮುಂದಿನ ತಿಂಗಳಿಂದ ನಮ್ಮಲ್ಲಿಗೆ ಬಾ," ಎಂದರು. ಶಾಂತಾ ಕಣ್ಣೊರೆಸಿಕೊಂಡಳು. ಮೇಡಂ ನನ್ನ ಕಡೆ ತಿರುಗಿ, ನಾನು ಎಲ್ಲಿ ಕುಳಿತೆದ್ದಿದ್ದೆ ಎಂಬುದನ್ನು ಗಮನಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಮಸ್ಕಾರ ಮಾಡಿದರು.

ಸವಿತಾ ಈಗ ಕಡಲ ದಂಡೆಯಲ್ಲಿ ಗೋಲ್ ಕಾಯುತ್ತಾಳೆ. ಮೊನ್ನೆ ಫೋನ್ ಮಾಡಿದ್ದಳು.

"ಅಪ್ಪಾ, ಮುಂದಿನ ವಾರ ನಮ್ಮ ದೊಡ್ಡ ಮ್ಯಾಚ್ ಐತಿ. ನೀ ಬರಾಕಬೇಕು."

"ಬರ್ತೇನವ್ವಾ. ಏನರ ಕೆಲಸಾ ಗಿಲಸಾ ಇದ್ರ ಹೇಳು, ಒಂದ್ ದಿನ ಮೊದಲ ಬರ್ತೇನಿ," ಎಂದೆ.

"ಬ್ಯಾಡಪಾ," ಎಂದಳು ಮಗಳು. "ಮ್ಯಾಚ್ ಚಾಲೂ ಆದಮ್ಯಾಲ ಬಾ. ಬರಿಗೈಲೆ ಬಾ."