ರಟ್ಟಿನ ಹೆಲ್ಮೆಟ್ ನೆನೆಸಿದ ಆಪಾದನೆಯಿಂದ ಹಂಪಕ್ಕನನ್ನು ಬಿಡುಗಡೆ ಮಾಡುವ ಕುರಿತು

ಕೊಟ್ಟೂರು,
ದಿನಾಂಕ: 1-8-2025, ಶುಕ್ರವಾರ

ಇಂದ,
ಪಂಚಾಕ್ಷರಪ್ಪ,
ನಾಟಕದ ಸೀನರಿ ಮತ್ತು ಡ್ರೆಸ್ ಬಾಡಿಗೆ ಅಂಗಡಿ,
ಬಸ್ ನಿಲ್ದಾಣದ ಹಿಂದೆ, ಕೊಟ್ಟೂರು.
(ತಮ್ಮ ಕಡತದ ಪ್ರಕಾರ: ಸುಬೇದಾರ್ ಪಂಚಾಕ್ಷರಪ್ಪ, ನಿವೃತ್ತ, ಮುಖ್ಯ ತರಬೇತುದಾರರು)

ಗೆ,
ವಿಚಾರಣಾಧಿಕಾರಿಗಳು,
ಐದು ತಾಲ್ಲೂಕುಗಳ ಕಾವಲು ಸಿಬ್ಬಂದಿ ಉಸ್ತುವಾರಿ ಘಟಕ,
ಹಗರಿಬೊಮ್ಮನಹಳ್ಳಿ.

ವಿಷಯ: ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಗೊಬ್ಬರದ ಗೋದಾಮಿನ ಕಾವಲುಗಾರ್ತಿ ಹಂಪಕ್ಕ ಇವರ ತಲೆ ಒಡೆದದ್ದಕ್ಕೆ ಹಂಪಕ್ಕ ಇವರೇ ಹೊಣೆ ಎಂಬ ತೀರ್ಮಾನವನ್ನು ಕೈಬಿಟ್ಟು, ಸದರಿಯವರನ್ನು ಕೆಲಸದಲ್ಲಿ ಮುಂದುವರಿಸುವ ಬಗ್ಗೆ.

ಉಲ್ಲೇಖ: 1) ಹಂಪಕ್ಕ ಇವರಿಗೆ ತಾವು ಕೊಟ್ಟ ಕಾರಣ ಕೇಳುವ ನೋಟಿಸ್, ದಿನಾಂಕ 28-7-2025.
2) ಅದಕ್ಕೆ ಲಗತ್ತಿಸಿರುವ ತರಬೇತಿ ಪ್ರಮಾಣಪತ್ರ, ನನ್ನ ಸಹಿ ಉಳ್ಳದ್ದು.
3) ನನ್ನ ನಾಚಿಕೆ, ತಡವಾಗಿ ಸ್ವೀಕೃತವಾದದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಾವು ಹಂಪಕ್ಕನ ಕೆಲಸ ಕಿತ್ತುಕೊಳ್ಳಲು ಕೂರುವ ಮುನ್ನ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ನಾನು ಸುಬೇದಾರನಲ್ಲ. ನಿವೃತ್ತನೂ ಅಲ್ಲ. ಮೂವತ್ತನಾಲ್ಕು ವರ್ಷಗಳಿಂದ ಈ ಸೀಮೆಯ ಹಳ್ಳಿಗಳಲ್ಲಿ ನಾಟಕ ಆಡುವವರಿಗೆ ಪರದೆ, ಕಿರೀಟ, ಕತ್ತಿ, ಇನ್ಸ್‌ಪೆಕ್ಟರ್ ಡ್ರೆಸ್ಸು ಬಾಡಿಗೆ ಕೊಡುತ್ತಾ, ಪುರುಸೊತ್ತಿದ್ದಾಗ ಮಾತು ಕಲಿಸುತ್ತಾ ಬಂದವನು. ಸುಬೇದಾರನ ಪಾತ್ರವನ್ನು ಮೂರು ಸಲ ಮಾಡಿದ್ದು ನಿಜ; ಅದರಲ್ಲಿ ಒಂದು ಸಲ ಎರಡನೇ ಅಂಕಕ್ಕೇ ಸಾಯುತ್ತೇನೆ. ಆ ವೇಷದ ಫೋಟೊ ಅಂಗಡಿಯ ಗೋಡೆಯ ಮೇಲಿದೆ. ಅದನ್ನು ನೋಡಿದ ಯಾರೋ ನನ್ನನ್ನು ತಮ್ಮ ಕಡತದಲ್ಲಿ ಸೇನೆಗೆ ಸೇರಿಸಿ, ಅಲ್ಲಿಂದ ಗೌರವಪೂರ್ವಕವಾಗಿ ನಿವೃತ್ತಿಯನ್ನೂ ಮಾಡಿಸಿದ್ದಾರೆ.

2. ಕಳೆದ ಮಾರ್ಚ್ ತಿಂಗಳಲ್ಲಿ ಉಕ್ಕಿನಗೋಡೆ ಸೆಕ್ಯುರಿಟಿ ಏಜೆನ್ಸಿಯ ಸೂಪರ್‌ವೈಸರ್ ಪ್ರವೀಣಕುಮಾರ್ ನನ್ನ ಅಂಗಡಿಗೆ ಬಂದರು. ಐದು ತಾಲ್ಲೂಕುಗಳ ಗೋದಾಮು, ಹಾಸ್ಟೆಲ್‌ಗಳ ಗೇಟಿಗೆ ನಲವತ್ತೆರಡು ಕಾವಲುಗಾರರನ್ನು ಒದಗಿಸುವ ಗುತ್ತಿಗೆ ಅವರಿಗೆ ಸಿಕ್ಕಿತ್ತು. ಪ್ರತಿಯೊಬ್ಬರಿಗೂ ಹೆಲ್ಮೆಟ್, ಬೂಟು, ಲಾಠಿ, ವಾಕಿಟಾಕಿ ಕೊಟ್ಟು, ನೂರ ಅರವತ್ತು ಗಂಟೆ ತರಬೇತಿ ಕೊಡಬೇಕೆಂಬುದು ತಮ್ಮ ಕಚೇರಿಯ ಷರತ್ತು. ನಮ್ಮ ನಡುವೆ ನಡೆದ ಮಾತನ್ನು ಯಥಾವತ್ತಾಗಿ ಸಲ್ಲಿಸುತ್ತಿದ್ದೇನೆ.

"ಪಂಚಾಕ್ಷರಪ್ಪಾರ, ಒಂದು ಪೊಲೀಸ್ ಸೆಟ್ ಬೇಕಾಗಿತ್ರಿ."

"ಯಾವ ನಾಟಕಕ್ಕಪ್ಪ?"

"ನಾಟಕ ಅಲ್ರಿ, ಆಫೀಸಿನ ಕೆಲಸ. ಬರೇ ಫೋಟೊಕ್ಕ."

"ನಲವತ್ತೆರಡು ಮಂದಿ ಅಂತಿ. ಒಂದು ಸೆಟ್ ಹೆಂಗ ಸಾಲತೈತಿ?"

"ಒಬ್ರಾದ ಮ್ಯಾಲ ಒಬ್ರು ಹಾಕ್ಕೊಂತಾರ ಬಿಡ್ರಿ. ತಲಿ ನಲವತ್ತೆರಡು ಇದ್ರ ಏನಾತು, ಕ್ಯಾಮೆರಾ ಒಂದ ಐತಲ್ಲ."

3. ಆದ್ದರಿಂದ ಒಂದು ಸೆಟ್ ಕೊಟ್ಟೆ. ಸದರಿ ಸೆಟ್ಟಿನ ನಿಜವಾದ ವಿವರ ಹೀಗಿದೆ. ಹೆಲ್ಮೆಟ್: ರಟ್ಟು, ಮೈದಾ ಹಿಟ್ಟಿನ ಅಂಟು, ಮೇಲೆ ಕಪ್ಪು ನೀರುಬಣ್ಣ. ವಾಕಿಟಾಕಿ: ಸೋಪಿನ ಡಬ್ಬಿ, ಅದಕ್ಕೆ ಸಿಕ್ಕಿಸಿದ ಸೈಕಲ್ ಚಕ್ರದ ಕಡ್ಡಿ. ಲಾಠಿ: ನಲ್ಲಿಯ ಪೈಪು. ಬೂಟು ಮಾತ್ರ ಅಸಲಿ, ಆದರೆ ಹತ್ತನೇ ನಂಬರು. ಇವು ಕಳಪೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮೂರನೇ ಸಾಲಿನಲ್ಲಿ ಕೂತವರಿಗೆ ಅಪ್ಪಟ ಕಬ್ಬಿಣದಂತೆ ಕಾಣುತ್ತವೆ, ಅವುಗಳ ಕೆಲಸ ಅಷ್ಟೇ. ಕಲ್ಲು ತಡೆಯುತ್ತವೆ ಎಂದು ನಾನು ಯಾವ ಪಾತ್ರಧಾರಿಗೂ ಹೇಳಿಲ್ಲ. ಹಾಗೆಂದು ಪರಿಶೀಲಿಸಿ, ತೃಪ್ತಿಪಟ್ಟು, ಮೊಹರು ಒತ್ತಿದ್ದು ತಮ್ಮ ಕಚೇರಿ.

4. ಫೋಟೊ ತೆಗೆದದ್ದು ನನ್ನ ಅಂಗಡಿಯಲ್ಲಿ, ಕೋಟೆಯ ಪರದೆ ಇಳಿಬಿಟ್ಟು. ನಲವತ್ತೆರಡು ಜನ ಸಾಲಾಗಿ ಬಂದು ಅದೇ ಹೆಲ್ಮೆಟ್ ಹಾಕಿ, ತೆಗೆದು, ಹಿಂದಿನವರ ಕೈಗೆ ಕೊಟ್ಟರು. ಕೂಡ್ಲಿಗಿಯ ಅಂಜಿನೇಯಲು ಅವರ ತಲೆ ದೊಡ್ಡದಾದ ಕಾರಣ ಹೆಲ್ಮೆಟ್ಟಿನ ಹಿಂಭಾಗವನ್ನು ಸೀಳಬೇಕಾಯಿತು. ಆ ಫೋಟೊಗಳ ಕೆಳಗೆ ತಮ್ಮ ಕಡತದಲ್ಲಿ "ಉಚ್ಚಂಗಿದುರ್ಗದ ಕೋಟೆಯಲ್ಲಿ ವಿಶೇಷ ತರಬೇತಿ" ಎಂದು ಬರೆದಿದೆ. ಮಾನ್ಯರು ಭೂತಗನ್ನಡಿ ಹಿಡಿದು ನೋಡಬೇಕು. ಕೋಟೆಯ ಬಾಗಿಲ ಮೇಲೆ "ಸೀನರಿ ಬಾಡಿಗೆಗೆ ದೊರೆಯುತ್ತದೆ, ಕೊಟ್ಟೂರು" ಎಂಬ ಅಕ್ಷರಗಳೂ ನನ್ನ ಫೋನ್ ನಂಬರೂ ಇವೆ. ಉಚ್ಚಂಗಿದುರ್ಗವನ್ನು ನಾನು ಬಾಡಿಗೆಗೆ ಕೊಡುತ್ತೇನೆಂದು ಆ ಊರಿನವರಿಗೆ ತಿಳಿದರೆ ನನ್ನ ಗತಿ ಏನು?

5. ತರಬೇತಿ ಅದೇ ದಿನ ಮಧ್ಯಾಹ್ನ ಊಟವಾದ ಮೇಲೆ ನಡೆಯಿತು. "ನಿಲ್ಲೋದು, ಸೆಲ್ಯೂಟ್ ಹೊಡಿಯೋದು ಒಂದೀಟು ಹೇಳಿಕೊಡ್ರಿ" ಎಂದು ಪ್ರವೀಣಕುಮಾರ್ ಅಂದರು. ಒಂದೂವರೆ ಗಂಟೆ ಹೇಳಿಕೊಟ್ಟೆ. ಎದೆ ಸೆಟೆಸಿ ನಿಲ್ಲುವುದು, ಸೆಲ್ಯೂಟ್, ಗಂಟಲು ಎತ್ತಿ "ಯಾರದು? ಅಲ್ಲೇ ನಿಲ್ಲು!" ಎನ್ನುವುದು. ಅಲ್ಲಿಗೆ ಮುಗಿಯಿತು. ಆಗ ಅರಸೀಕೆರೆಯ ಹಂಪಕ್ಕ ಎದ್ದು ನಿಂತಳು. ನಲವತ್ತರ ಆಸುಪಾಸಿನವಳು, ಅಲ್ಲಿಯತನಕ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದವಳು.

"ಮಾಸ್ತರ್ರ, ಮಂದಿ ಮೈಮ್ಯಾಲ ಬಂದ್ರ ಏನ್ ಮಾಡಬೇಕ್ರಿ?"

"ಏನೂ ಮಾಡಬ್ಯಾಡ ಬಿಡವ್ವ. ಅಷ್ಟೊತ್ತಿಗೆ ಪರದಿ ಬೀಳತೈತಿ" ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಲವತ್ತೆರಡು ಜನರಲ್ಲಿ ಕಾವಲಿಗೆ ಸಂಬಂಧಪಟ್ಟ ಪ್ರಶ್ನೆ ಕೇಳಿದ್ದು ಅವಳೊಬ್ಬಳು, ಅವಳಿಗೆ ನಾನು ಕೊಟ್ಟ ಉತ್ತರ ಇದು. ಆಮೇಲೆ ಪ್ರವೀಣಕುಮಾರ್ ತೋರಿಸಿದ ಖಾಲಿ ಫಾರಮ್ಮುಗಳ ಮೇಲೆ ನಲವತ್ತೆರಡು ಸಹಿ ಹಾಕಿ ಚಹಾ ಕುಡಿದೆ.

6. ದಿನಾಂಕ 22-7-2025ರ ಮಂಗಳವಾರದ ಸಂಗತಿಗಳು ಹಂಪಕ್ಕ ಹೇಳಿದವು ಮತ್ತು ಗೋದಾಮಿನ ಎದುರಿನ ಚಹಾದಂಗಡಿ ದುರುಗಣ್ಣ ಕಣ್ಣಾರೆ ಕಂಡವು. ಅಂದು ಸಾಹೇಬರೊಬ್ಬರು ತಪಾಸಣೆಗೆ ಬರುತ್ತಾರೆಂಬ ಸುದ್ದಿ ಇತ್ತು. ಐದು ತಾಲ್ಲೂಕಿನಲ್ಲಿ ಎಲ್ಲಿ ತಪಾಸಣೆಯೋ ಅಲ್ಲಿಗೆ, ಫೋಟೊ ಆದ ಮೇಲೂ ನನಗೆ ಹಿಂದಿರುಗಿಸದ ಆ ಒಂದು ಸೆಟ್ಟನ್ನು ಬೈಕಿನಲ್ಲಿ ಒಯ್ಯುವುದು ಏಜೆನ್ಸಿಯ ಪದ್ಧತಿ. ಆದಕಾರಣ, ಹಿಂದಿನ ದಿನ ಹಡಗಲಿಯಲ್ಲಿದ್ದ ಹೆಲ್ಮೆಟ್ ಅಂದು ಬೆಳಿಗ್ಗೆ ಹಂಪಕ್ಕನ ತಲೆಗೆ ಬಂತು. ಹಾಕಿಸಿದ ಪ್ರವೀಣಕುಮಾರ್ ನಾಷ್ಟಾ ಮಾಡಿ ಬರುತ್ತೇನೆಂದು ಹೋದರು. ಸಾಹೇಬರು ಬರಲಿಲ್ಲ. ಬದಲಿಗೆ ಯೂರಿಯಾ ಲಾರಿ ಬಂತು, ಅದರ ಹಿಂದೆ ಮೂರು ದಿನದಿಂದ ಗೊಬ್ಬರ ಸಿಗದೆ ರೋಸಿಹೋಗಿದ್ದ ನಾನೂರು ಜನ ಬಂದರು. ಗೇಟಿನಲ್ಲಿ ಇದ್ದವಳು ಹಂಪಕ್ಕ ಒಬ್ಬಳೇ.

ಅವಳು ಓಡಲಿಲ್ಲ. "ಯಾರದು? ಅಲ್ಲೇ ನಿಲ್ಲು!" ಎಂದು ನಾನು ಕಲಿಸಿದ ಹಾಗೇ ಅಂದಳು. ಸೋಪಿನ ಡಬ್ಬಿಯನ್ನು ಕಿವಿಗೆ ಹಿಡಿದು, "ಹಲೋ, ಅರಸೀಕೆರಿ ಗೋದಾಮ್ರಿ! ಎರಡು ವ್ಯಾನ್ ಜಲ್ದಿ ಕಳಸ್ರಿ" ಎಂದಳು. ಇದು ಅವಳಿಗೆ ನಾನು ಕಲಿಸಿದ್ದಲ್ಲ, ಅವಳ ಸ್ವಂತ ಬುದ್ಧಿ. ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು. ಆಗ ಮಳೆ ಹನಿಯತೊಡಗಿತು. ಹೆಲ್ಮೆಟ್ಟಿನ ಬಣ್ಣ ಕರಗಿ ಅವಳ ಹಣೆಯ ಮೇಲೆ, ಮೂಗಿನ ಮೇಲೆ ಕಪ್ಪಾಗಿ ಇಳಿಯಿತು.

"ಲೇ, ಮೇಡಮ್ಮನ ಟೊಪ್ಪಿಗಿ ಅಳಾಕ ಹತ್ತೈತಲೇ!" ಎಂದು ಒಬ್ಬ ಕೂಗಿದ. ನಾನೂರು ಜನ ನಕ್ಕರು. ನಕ್ಕ ಮೇಲೆ ಹೆದರಿಕೆ ಎಲ್ಲಿ ಉಳಿದೀತು? ನುಗ್ಗಿದರು. ಕಲ್ಲು ಯಾರು ಎಸೆದರೋ ತಿಳಿಯದು. ಅದು ಹೆಲ್ಮೆಟ್ಟಿನೊಳಕ್ಕೆ ಹೋಯಿತು. ಏಳು ಹೊಲಿಗೆ.

7. ಮರುದಿನ ಹರಪನಹಳ್ಳಿಯ ದವಾಖಾನೆಗೆ ಹೋದೆ. ತಲೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಹಂಪಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಈ ಅರ್ಜಿ ಬರೆಯುವ ಕಷ್ಟ ತಪ್ಪುತ್ತಿತ್ತೇನೋ. "ಪರದಿ ಬೀಳಲಿಲ್ಲಲ್ರಿ ಮಾಸ್ತರ್ರ" ಎಂದಳು, ಅಷ್ಟೇ.

ತಮ್ಮ ನೋಟಿಸ್ ಬಂದ ದಿನ ಅವಳ ಮನೆಗೆ ಹೋದೆ. ಆಪಾದನೆ ಸಾಬೀತಾದರೆ ಐದು ತಾಲ್ಲೂಕಿನ ಯಾವ ಗೇಟಿನಲ್ಲೂ ಅವಳು ನಿಲ್ಲುವಂತಿಲ್ಲ ಎಂದು ಓದಿ ಹೇಳಿದೆ. ಅವಳು ಅಂದದ್ದು: "ಮದ್ಲು ಎಲ್ರೂ 'ಏ ಹಂಪಿ' ಅಂತಿದ್ರು. ಗೇಟಿನ್ಯಾಗ ನಿಂತ ಮ್ಯಾಲ 'ಮೇಡಂ' ಅಂತಾರ. ಹೊಲಿಗಿ ಮಾಯತಾವ್ರಿ. ಆ ಮಾತು ಹೋದ್ರ ತಿರುಗಿ ಬರಂಗಿಲ್ಲ." ನನಗೆ ಸಂಕಟವಾಯಿತು. ಇದನ್ನು ಅಧಿಕೃತ ಭಾಷೆಯಲ್ಲಿ ಹೇಗೆ ಬರೆಯಬೇಕೋ ನನಗೆ ತಿಳಿಯದು, ಆದ್ದರಿಂದ ಹಾಗೇ ಬರೆದಿದ್ದೇನೆ.

8. ನೋಟಿಸಿನ ಆಪಾದನೆಗಳಿಗೆ ತರಬೇತುದಾರನೆನಿಸಿಕೊಂಡವನ ಉತ್ತರ:

ಅ) "ವಾಕಿಟಾಕಿ ಇದ್ದಾಗ್ಯೂ ಕಂಟ್ರೋಲ್ ರೂಮಿಗೆ ತಿಳಿಸಿರುವುದಿಲ್ಲ." ತಿಳಿಸಿದ್ದಾಳೆ. ಸೋಪಿನ ಡಬ್ಬಿ ಅದನ್ನು ಮುಂದಕ್ಕೆ ದಾಟಿಸಿರುವುದಿಲ್ಲ. ಡಬ್ಬಿಗೆ ನೋಟಿಸ್ ಕೊಡತಕ್ಕದ್ದು.

ಆ) "ಹೆಲ್ಮೆಟ್ಟನ್ನು ಮಳೆಯಲ್ಲಿ ನೆನೆಸಿ ಹಾಳು ಮಾಡಿರುತ್ತಾರೆ." ಮಳೆಗಾಲದಲ್ಲಿ ಹೆಲ್ಮೆಟ್ ನೆನೆಯಬಾರದೆಂದಿದ್ದರೆ ಹೆಲ್ಮೆಟ್ ಕಾಯಲು ಇನ್ನೊಬ್ಬ ಕಾವಲುಗಾರನನ್ನು ಕೊಡೆ ಸಮೇತ ನೇಮಿಸಬೇಕಿತ್ತು.

ಇ) "ನೂರ ಅರವತ್ತು ಗಂಟೆ ತರಬೇತಿ ಪಡೆದಾಗ್ಯೂ ಕರ್ತವ್ಯದ ಸ್ಥಳ ಬಿಟ್ಟಿರುತ್ತಾರೆ." ನೂರ ಐವತ್ತೆಂಟೂವರೆ ಗಂಟೆ ಸುಳ್ಳು. ಸ್ಥಳವನ್ನೂ ಅವಳು ಬಿಡಲಿಲ್ಲ, ಅವಳನ್ನು ದುರುಗಣ್ಣ ಎತ್ತಿಕೊಂಡು ಹೋದ.

9. ಮಾನ್ಯರೇ, ನಮ್ಮ ಕಡೆ ಹಳ್ಳಿಯವರು ಒಂದು ನಾಟಕ ಆಡಬೇಕಾದರೆ ಎರಡು ತಿಂಗಳು ತಾಲೀಮು ಮಾಡುತ್ತಾರೆ. ದಿನವಿಡೀ ಹೊಲದಲ್ಲಿ ದುಡಿದು ಬಂದು, ಮಾಸ್ತರರ ಬೈಗುಳ ತಿಂದು ಕಲಿಯುತ್ತಾರೆ. "ಅಪ್ಪಣೆ, ಪ್ರಭು" ಎಂಬ ಒಂದೇ ಮಾತಿನ ಬಾಗಿಲು ಭಟನಿಗೂ ಹದಿನೈದು ದಿನ ಬಿಡುವಿಲ್ಲ. ರಟ್ಟಿನ ಕತ್ತಿಯಿಂದ ಸುಳ್ಳು ಸುಳ್ಳೇ ಸಾಯುವವನಿಗೂ ಎತ್ತ ಬಿದ್ದರೆ ಪೆಟ್ಟಾಗುವುದಿಲ್ಲ ಎಂದು ಹೇಳಿಕೊಟ್ಟೇ ಸಾಯಿಸುತ್ತೇವೆ. ಮೂವತ್ತನಾಲ್ಕು ವರ್ಷಗಳಲ್ಲಿ ನನ್ನ ರಂಗದ ಮೇಲೆ ಒಬ್ಬನ ತಲೆಯೂ ಒಡೆದಿಲ್ಲ. ನಿಜವಾದ ಗೇಟಿಗೆ, ನಿಜವಾದ ಜನರ ಎದುರಿಗೆ ನಿಲ್ಲಿಸುವಾಗ ತಾವು ಕೊಟ್ಟದ್ದು ಒಂದು ಮಧ್ಯಾಹ್ನ ಮತ್ತು ನನ್ನಂಥ ಸುಬೇದಾರ. ನಾಟಕ ಯಾರದು, ಯಾರದು ಅಲ್ಲ ಎಂದು ತಾವೇ ಕೂತು ಯೋಚಿಸಬೇಕಾಗಿ ಕೋರಿಕೆ.

10. ಇದನ್ನೆಲ್ಲ ಬಾಯಿಮಾತಿನಲ್ಲಿ ಹೇಳಲು ತಮ್ಮ ಕಚೇರಿಗೆ ಬಂದಿದ್ದೆ. "ಅರ್ಜಿ ಕೊಡ್ರಿ" ಎಂದರು. ಹೊರಗೆ ಸಿಕ್ಕ ಪ್ರವೀಣಕುಮಾರ್, "ಸಹಿ ನಿಮ್ದೈತ್ರಿ ಯಜಮಾನ್ರ. ಆಕಿ ಉಳಿದ್ರ ನೀವು ಒಳಗ ಹೋಗ್ತೀರಿ, ನೋಡ್ರಿ ಮತ್ತ" ಎಂದರು. ನೋಡಿದ್ದೇನೆ. ಆದ್ದರಿಂದಲೇ ಈ ಅರ್ಜಿ.

ಮೇಲಿನ ಎಲ್ಲಾ ಕಾರಣಗಳಿಂದ, ಹಂಪಕ್ಕನ ಮೇಲಿನ ನೋಟಿಸನ್ನು ಹಿಂಪಡೆದು, ಅವಳ ಗೇಟನ್ನು ಅವಳಿಗೆ ಬಿಟ್ಟುಕೊಟ್ಟು, ಒಂದು ನಿಜವಾದ ಹೆಲ್ಮೆಟ್ಟನ್ನೂ ನಿಜವಾಗಿ ಕಲಿಸುವವರನ್ನೂ ಒದಗಿಸಬೇಕೆಂದು, ಹಾಗೂ ಸುಳ್ಳು ಸಹಿ ಹಾಕಿದ ನನ್ನ ಮೇಲೆ ಸೂಕ್ತ ಕ್ರಮ ಜರುಗಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಸೋಮವಾರ ಹನ್ನೊಂದು ಗಂಟೆಯವರೆಗೆ ಮಾತ್ರ ತಮ್ಮ ವಿಶ್ವಾಸಿ,
ಪಂಚಾಕ್ಷರಪ್ಪ
(ಈ ಸಹಿ ಓದಿ ಹಾಕಿದ್ದು)

ಅಡಕಗಳು:
1) ಕೋಟೆಯ ಪರದೆಯ ಫೋಟೊ, ನನ್ನ ಫೋನ್ ನಂಬರ್ ಕಾಣುವಂತೆ.
2) ದುರುಗಣ್ಣನ ಹೇಳಿಕೆ, ಹೆಬ್ಬೆಟ್ಟಿನ ಗುರುತಿನೊಂದಿಗೆ.
3) ಸದರಿ ಹೆಲ್ಮೆಟ್, ಒಂದು. ಒಣಗಿಸಲಾಗಿದೆ. ತೂತು ಮುಚ್ಚಿರುವುದಿಲ್ಲ. ಒಳಗಿನ ಕಲೆ ಬಣ್ಣದ್ದಲ್ಲ.

ವಿ.ಸೂ.: ಇಷ್ಟಾದ ಮೇಲೂ ಹೆಲ್ಮೆಟ್ ಗುಣಮಟ್ಟದ್ದೇ ಎಂದು ಕಚೇರಿ ಹೇಳುವುದಾದರೆ, ಮುಂದಿನ ಯೂರಿಯಾ ಲಾರಿ ಅರಸೀಕೆರೆಗೆ ಬರುವ ದಿನ ಮಾನ್ಯರು ಅಡಕ 3ನ್ನು ಧರಿಸಿ ಸದರಿ ಗೇಟಿನಲ್ಲಿ ಅರ್ಧ ಗಂಟೆ ನಿಲ್ಲಲು ಕೃಪೆ ಮಾಡಬೇಕು. ಬಾಡಿಗೆ ಬೇಡ. ಪರದೆಯ ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿರುತ್ತೇನೆ. ಜನ ಮೈಮೇಲೆ ಬಂದರೆ ಹೇಳಿ, ಇಳಿಸುತ್ತೇನೆ.