ಒಂದು ಕೋಳಿ ಸಾಕಿತ್ತು

“ಇಪ್ಪತ್ತಾರು ವರ್ಷ ಗಡಿಯಾರದ ಹೊಟ್ಟೆ ಬಗೆದವನಿಗೆ ಇದ್ಯಾವ ಮಹಾ ವಿದ್ಯೆ ಕಣೇ!” ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಮಗಳ ಕಂಪ್ಯೂಟರ್ ಇಟ್ಟುಕೊಂಡು ಗಡಿಯಾರ ರಿಪೇರಿಯವರು ಹೆಂಡತಿಗೆ ಘೋಷಿಸಿದರು.

ವಿಷಯ ಇಷ್ಟೇ. ಮಗಳೂ ಅವಳ ಹನ್ನೊಂದು ಗೆಳತಿಯರೂ ಕಂಪ್ಯೂಟರ್ ಆಟವೊಂದರಲ್ಲಿ ಎಂಟು ತಿಂಗಳಿಂದ ಇಟ್ಟಿಗೆಗೆ ಇಟ್ಟಿಗೆ ಪೇರಿಸಿ ಒಂದು ಪಟ್ಟಣವನ್ನೇ ಕಟ್ಟಿದ್ದರು. ಎಲ್ಲರೂ ಬಂದು ಸೇರುತ್ತಿದ್ದದ್ದು ಮಗಳ ಸರ್ವರ್‌ನಲ್ಲಿ. ಅಂದು ಸಂಜೆ ನಾಲ್ಕಕ್ಕೆ ದೊಡ್ಡ ಸೇತುವೆಯ ಉದ್ಘಾಟನೆ! ಬಂದವರನ್ನೆಲ್ಲ ಸೇತುವೆಯ ಮೇಲೆ ತಲಾ ಒಂದು ಕೋಳಿ ಎದುರುಗೊಳ್ಳಬೇಕೆಂದು ಅವಳ ಆಸೆ. ಸರ್ವರ್‌ಗೆ ಇಂಥ ಹೊಸ ಚಮತ್ಕಾರ ಕಲಿಸುವ ತುಣುಕಿಗೆ ಪ್ಲಗಿನ್ ಅನ್ನುತ್ತಾರೆ. “ನಾನೇ ಬರೆದುಕೊಡ್ತೀನಿ” ಎಂದು ಅಪ್ಪ ಮಾತು ಕೊಟ್ಟಿದ್ದರು. ಮಗಳು ಅದನ್ನು ಹನ್ನೊಂದು ಮನೆಗೂ ಡಂಗುರ ಸಾರಿಯಾಗಿತ್ತು.

ಗಿರಾಕಿಯ ಗಡಿಯಾರ ಬಿಚ್ಚುವ ಮೊದಲು ಅಂಥದೇ ಹಳೆಯದೊಂದರ ಮೇಲೆ ಕೈ ಪಳಗಿಸಿಕೊಳ್ಳುವುದು ಅವರ ವೃತ್ತಿಧರ್ಮ. ಹಾಗಾಗಿ ಮಗಳ ಸರ್ವರ್ ಪಕ್ಕದಲ್ಲೇ ಪ್ರಯೋಗಕ್ಕೆಂದು ಅದರ ಅವಳಿಯೊಂದನ್ನು ಸೃಷ್ಟಿಸಿದರು. ಪ್ಲಗಿನ್ ಬರೆಯಲು ಬೇಕಾದ ಜಾವಾ ಎಂಬ ತಂತ್ರಾಂಶ ಇಳಿಸಿದರು. ಅದು ತೀರಾ ಹಳೆಯದೆಂದು ಕಂಪ್ಯೂಟರ್ ಮೂತಿ ತಿರುವಿದಾಗ ಹೊಸದನ್ನು ಇಳಿಸಿದರು. ಹನ್ನೆರಡು ಗಂಟೆಗೆ ಪರದೆಯ ಕೆಂಪಕ್ಷರಗಳೆಲ್ಲ ಮಾಯವಾಗಿ ಪ್ಲಗಿನ್ ಸಿದ್ಧವಾಯಿತು. ಅಬ್ಬಾ, ಆ ಖುಷಿಯೇ! ಕುರ್ಚಿ ಹತ್ತಿ ಕುಣಿಯುವುದೊಂದು ಬಾಕಿ.

ಹೆಂಡತಿ ಹಿಂದಿನಿಂದ ಇಣುಕಿದರು. ಅವರು ಆಸ್ಪತ್ರೆಯ ಔಷಧ ವಿಭಾಗದವರು. ಚೀಟಿ ಅಂಟಿಸದ ಡಬ್ಬಿ ಆ ಮನೆಯಲ್ಲಿ ಒಂದೂ ಇರಲಿಲ್ಲ.

“ರೀ, ಒಂದು ‘ಹೊಸ ಸರ್ವರ್’, ಇನ್ನೊಂದು ‘ಸರ್ವರ್ ಹೊಸದು’. ಫೋಲ್ಡರಿಗೆ ಇದೇನ್ರೀ ಹೆಸರು? ನಿಮ್ಮದಕ್ಕೆ ‘ಪರೀಕ್ಷೆಗೆ ಮಾತ್ರ’ ಅಂತ ಬರೆಯಬಾರದಾ?”

“ಇದೇನು ಕೆಮ್ಮಿನ ಔಷಧಿನಾ? ಸಾಸಿವೆಗಿಂತ ಸಣ್ಣ ಸ್ಕ್ರೂ ಹೆಕ್ಕೋ ಕಣ್ಣು ಕಣೇ ಇದು!”

“ಹೌದೌದು. ಮೂಗಿನ ಮೇಲಿರೋ ಕನ್ನಡಕ ಮಾತ್ರ ನಾನೇ ಹುಡುಕಿಕೊಡಬೇಕು.”

ಅಪ್ಪ ಕೇಳಿಸಿಕೊಳ್ಳಲಿಲ್ಲ. ಪ್ಲಗಿನ್ ಅನ್ನು ಫೋಲ್ಡರಿಗೆ ಹಾಕಿ, ಪ್ರಯೋಗದ ಸರ್ವರ್ ಶುರು ಮಾಡಿ, ಗತ್ತಿನಿಂದ ಒಳಹೊಕ್ಕರು. ಕೋಳಿ ಇಲ್ಲ! ಒಂದು ಕೋಳಿ ಯಾವುದಾದರೂ ಗೋಡೆಯ ಹಿಂದೆ ಹೋಗಿರಬಹುದೆಂದು ಪ್ಲಗಿನ್‌ನಲ್ಲಿ ಒಂದರ ಬದಲು ಹತ್ತು ಎಂದು ಬರೆದು ಮತ್ತೆ ಹಾಕಿದರು. ಒಂದು ಪುಕ್ಕವೂ ಕಾಣಲಿಲ್ಲ. ಇನ್ನೂರು ಮಾಡಿದರು. ತಟ್ಟೆಯಲ್ಲಿನ ಊಟ ಆರಿ ತಣ್ಣಗಾಯಿತು. ಮೂರೂವರೆಗೆ ರೋಷದಿಂದ ಎರಡು ಸಾವಿರ ಎಂದು ಬರೆದು ಕುಟ್ಟಿದರು. ಸೇತುವೆ ಬಣಗುಟ್ಟುತ್ತಲೇ ಇತ್ತು.

“ಇವತ್ತಿಗೆ ಆಗಲಿಲ್ಲ ಮಗಳೇ” ಎಂದರು. ಅವಳ ಮುಖ ಬಾಡಿದ್ದನ್ನು ನೋಡಲಾರದೆ ನೆಲ ನೋಡಿದರು.

“ಪರವಾಗಿಲ್ಲಪ್ಪ, ಕೋಳಿ ಇಲ್ಲದೆಯೂ ಸೇತುವೆ ತೆರೆಯುತ್ತೆ” ಎಂದು ಮಗಳೇ ಸಮಾಧಾನ ಹೇಳಿ ತನ್ನ ಸರ್ವರ್ ಶುರು ಮಾಡಿದಳು.

ಮೊದಲ ಗೆಳತಿ ಬಂದಳು. ಎರಡು ಸಾವಿರ ಕೋಳಿ ಬಂದವು!

ಎರಡನೆಯವಳು ಬಂದಳು. ಇನ್ನೆರಡು ಸಾವಿರ! ಸೇತುವೆಯ ಮೇಲೆ ಕೋಳಿ, ಕೋಳಿಯ ಮೇಲೆ ಕೋಳಿ, ಗಡಿಯಾರ ಗೋಪುರದ ಕಿಟಕಿಯಲ್ಲೂ ಕೋಳಿ! ಫೋನಿನಲ್ಲಿ ಹುಡುಗಿಯರು ಕಿರುಚುತ್ತಿದ್ದರು, ನಗುತ್ತಲೋ ಅಳುತ್ತಲೋ ತಿಳಿಯಲಿಲ್ಲ. ಐದನೆಯವಳು ಕಾಲಿಟ್ಟಾಗ ಸರ್ವರ್ ಉಸಿರು ನಿಲ್ಲಿಸಿತು.

ಮಧ್ಯಾಹ್ನದಿಂದ ಪ್ಲಗಿನ್ ಹಾಕಿದ್ದೆಲ್ಲ ಮಗಳ ಸರ್ವರಿಗೆ, ಪರೀಕ್ಷೆ ಮಾಡಿದ್ದೆಲ್ಲ ಇನ್ನೊಂದರಲ್ಲಿ!

“ನನ್ನ ಪಟ್ಟಣ...” ಎಂದಳು ಮಗಳು. ಎಂಟು ತಿಂಗಳ ಶ್ರಮ! ಅಷ್ಟರಲ್ಲಿ ಅವಳೇ ಕಣ್ಣೊರೆಸಿಕೊಂಡು ಇನ್ನೊಂದು ಫೋಲ್ಡರ್ ತೆರೆದಳು: ‘ಪಟ್ಟಣದ ನಕಲು, ಶನಿವಾರ, ಅಪ್ಪ ಮುಟ್ಟಬಾರದು.’

“ನನ್ನ ಮಗಳು!” ಎಂದು ಹೆಂಡತಿ ಬೀಗಿದರು.

ಮಗಳು ನಕಲಿನಿಂದ ಪಟ್ಟಣವನ್ನು ಮರಳಿ ತರುವಷ್ಟರಲ್ಲಿ ಅಪ್ಪ ಎರಡು ಸಾವಿರವನ್ನು ಅಳಿಸಿ ಒಂದು ಎಂದು ಬರೆದರು. ಹೆಂಡತಿ ಎರಡೆರಡು ಸಲ ಓದಿ ನೋಡಿದ ಮೇಲೆಯೇ ಅದು ಫೋಲ್ಡರಿಗೆ ಹೋಯಿತು. ಐದಕ್ಕೆ ಸೇತುವೆ ತೆರೆಯಿತು. ಹನ್ನೆರಡು ಜನ, ಹನ್ನೆರಡು ಕೋಳಿ. ಮಗಳು ಕುಣಿದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. “ನೋಡಿದ್ಯೇನೇ!” ಎಂದು ಅವರು ಮತ್ತೆ ಎದೆಯುಬ್ಬಿಸಿದರು.

ಸೋಮವಾರ ಅಂಗಡಿಯಲ್ಲೂ ಎದೆ ಉಬ್ಬಿಸಿಯೇ ಕೂತಿದ್ದರು. ಮೊದಲ ಗಿರಾಕಿ ಕೈಗಡಿಯಾರ ಚಾಚಿದವನು ಅವರ ಎದೆಯತ್ತ ನೋಡಿ, ಏನೋ ಓದಿಕೊಂಡು, ಗಡಿಯಾರವನ್ನು ಮೆಲ್ಲಗೆ ಜೇಬಿಗೆ ಸೇರಿಸಿ ನಡೆದುಬಿಟ್ಟ.

ಬಗ್ಗಿ ನೋಡಿಕೊಂಡರು. ಅಂಗಿಯ ಜೇಬಿನ ಮೇಲೆ ಹೆಂಡತಿಯ ದುಂಡಕ್ಷರದ ಚೀಟಿ ಅಚ್ಚುಕಟ್ಟಾಗಿ ಅಂಟಿತ್ತು: ‘ಪರೀಕ್ಷೆಗೆ ಮಾತ್ರ.’